ಎರಡು ಚುಕ್ಕಿ, ಒಂದು ಬಾಲ

ಗೋಡಂಬಿಯ ಗೇರಲ್ಲ ಇದು, ಅದರ ದಾಯಾದಿ, ಕರಿಗೇರು.
ಶೆಟ್ಟಿಹಳ್ಳಿ ಕಾಡಿನಂಚಿನ ಕಲ್ಲುನೆಲದಲ್ಲಿ
ಅಗಲದೆಲೆ ಹೊತ್ತು ನಿಂತಿರುತ್ತದೆ.
ದನ ಕಾಯುವವರೂ ಅದರಡಿ ಮಲಗುವುದಿಲ್ಲ.

ಮಳೆಗಾಲದಲ್ಲಿ ಹೂ, ಇಷ್ಟಿಷ್ಟೇ,
ಹಸಿರೋ ಹಳದಿಯೋ ಹೇಳಲಾಗದ ಬಣ್ಣ. ನೊಣಗಳಿಗೆ ಗೊತ್ತು.
ದೀಪಾವಳಿ ಹೊತ್ತಿಗೆ ಎಳೆಗಾಯಿ;
ಚಿವುಟಿದರೆ ಹಾಲು,
ಹಾಲು ನೋಡನೋಡುತ್ತ ಕಪ್ಪು.
ಸಂಕ್ರಾಂತಿ ಕಳೆದ ಮೇಲೆ ತೊಟ್ಟು ಊದಿ ಊದಿ
ಕಿತ್ತಳೆ ಬಣ್ಣದ ಬಟ್ಟಲಾಗುತ್ತದೆ,
ಬಟ್ಟಲ ತುದಿಗೆ ಕೂತಿರುತ್ತದೆ ಕಾಯಿ, ಮಿರಿಮಿರಿ ಕಪ್ಪು.
ಉಣ್ಣುವುದು ಒಂದು ಕಡೆ, ಉರಿಯುವುದು ಇನ್ನೊಂದು ಕಡೆ.

‘ದೇವ್ರು ಅವಸರದಾಗಿದ್ದ,’ ಅನ್ನುತ್ತಿದ್ದಳು ಚಿಕ್ಕವ್ವ ಹಾಲವ್ವ,
‘ಸಿಹಿ ವಿಷ ಎರಡ್ನೂ ಕಲಸೋಕೆ ಪುರುಸೊತ್ತಿಲ್ದೆ
ಒಂದ್ರ ಮೇಲೊಂದು ಇಟ್ಟು ಹೋದ.’

ಮೊಣಕೈವರೆಗೆ ಎಳ್ಳೆಣ್ಣೆ ಬಳಿದುಕೊಂಡು
ಮರದ ಮುಂದೆ ನಿಂತು ಮೊದಲು ಗದರುತ್ತಿದ್ದಳು:
‘ನೀ ಗೇರಾದ್ರೆ ನಾ ತಾರೆ!’
ಆಮೇಲಷ್ಟೇ ಕೊಕ್ಕೆ.
ಬಟ್ಟಲುಹಣ್ಣು ಮಂಕರಿಗೆ, ಕಾಯಿ ಗೋಣಿಗೆ.
ಹಣ್ಣು ತಗಡಿನ ಮೇಲೆ ಐದು ಬಿಸಿಲು ಒಣಗಿ
ಖರ್ಜೂರದಂತೆ ಸುಕ್ಕಾದರೆ ನಮಗೆ.
ನಾಲ್ಕೇ ಬಿಸಿಲಿಗೆ ಕದ್ದು ತಿಂದು
ಗಂಟಲು ಕೆರೆದುಕೊಂಡವಳು ನಾನು.

ಕಾಯಿ ಇದ್ದದ್ದು ಊರಿನ ಬಟ್ಟೆಗೆ.
ಸೂಜಿ ಚುಚ್ಚಿ, ಹಿಂಡಿ, ಕಾಲರಿನ ಒಳಮಗ್ಗುಲಿಗೆ ಒಂದು ಗೀಟು,
ಮೇಲೆ ಸುಣ್ಣದ ತಿಳಿ.
ಆಮೇಲೆ ಸೋಪಲ್ಲ, ಸೋಡಾ ಅಲ್ಲ,
ತುಂಗೆಯ ಬಂಡೆ ಕೂಡ ಅದನ್ನು ಅಳಿಸಲಾರದು;
ಬಟ್ಟೆ ಹರಿಯಬೇಕು, ಗುರುತು ಹೋಗಬೇಕು.

ಅಕ್ಷರ ಬಾರದವಳಿಗೆ ನೂರಾ ಹತ್ತು ಮನೆ ಬಾಯಿಪಾಠ.
ವಕೀಲರಿಗೆ ಮೂರು ಗೀಟು.
ಜವಳಿ ಅಂಗಡಿಯವರಿಗೆ ಗೆರೆಯ ಮೇಲೆ ಸೊನ್ನೆ;
ಅಣ್ಣತಮ್ಮ ಪಾಲಾದ ವರ್ಷ
ಸೊನ್ನೆಯ ಪಕ್ಕ ಒಂದು ಚುಕ್ಕಿ ಹುಟ್ಟಿತು.
ನರ್ಸಮ್ಮನಿಗೆ ಅಡ್ಡಗೀಟು, ಅವಳೇ ಕೇಳಿ ಹಾಕಿಸಿಕೊಂಡದ್ದು.
ಬ್ಯಾಂಡ್‌ಸೆಟ್ಟಿನ ಫಕ್ರುದ್ದೀನ್ ಸಾಹೇಬರಿಗೆ
ಎರಡು ಚುಕ್ಕಿ, ಒಂದು ಬಾಲ.
‘ತುತ್ತೂರಿ ಕಣೇ,’ ಅಂತ ತೋರಿಸಿದ್ದಳು ನನಗೆ.

ಆ ಆಷಾಢ ಹೊಳೆ ಮೆಟ್ಟಿಲು ನುಂಗಿತ್ತು.
ಪೇದೆಯೊಬ್ಬ ಪ್ಲಾಸ್ಟಿಕ್ ಚೀಲದಲ್ಲಿ ಅಂಗಿ ತಂದ.
ಮುಖ ನೋಡಿ ಹೇಳುವಂತಿಲ್ಲ, ನೀನಾದರೂ ನೋಡು, ಅಂದ.
ಹಾಲವ್ವ ಕಾಲರು ಮಗುಚಿದಳು.
ಬೆರಳಿಟ್ಟಳು. ತೆಗೆಯಲಿಲ್ಲ.
ಪೇದೆ ಬರೆದುಕೊಂಡು ಜೀಪು ತರಲು ಹೋದ.
ಅಷ್ಟರಲ್ಲಿ ಅವಳು ಬರಿಗಾಲಲ್ಲಿ ಹೊರಟಿದ್ದಳು,
ಜೀಪಿಗಿಂತ ಮೊದಲು ತಲುಪಬೇಕೆಂದು;
ಆ ಮನೆಗೆ ಸುದ್ದಿ ಬೂಟುಗಾಲಲ್ಲಿ ಬರಬಾರದೆಂದು.

ಬಾಗಿಲು ತೆಗೆದವರು ಫಕ್ರುದ್ದೀನ್ ಸಾಹೇಬರೇ.
ಕೈಯಲ್ಲಿ ಚಹದ ಲೋಟ.
‘ಏನವ್ವ, ಮಳೆಯಲ್ಲಿ?’

ಅವಳ ಬಾಯಿಂದ ಮಾತು ಹೊರಡಲಿಲ್ಲ.
ಆಮೇಲೆ ಅಂಗಿಯ ಬಣ್ಣ ಹೇಳಿದಳು, ನೀಲಿ ಚೌಕಳಿ.
ಅವರು ಲೋಟ ಕೆಳಗಿಟ್ಟರು.
‘ತಿಪ್ಪೇಶಿಗೆ ಕೊಟ್ಟಿದ್ದೆ. ಡೋಲಿನ ಹುಡುಗ.
ಹೊಸಬ. ಮೈಮೇಲೆ ಸರಿಯಾದದ್ದೊಂದು ಇರಲಿಲ್ಲ.’

ಗುರುತು ಮನೆಯದು, ಮೈಯದಲ್ಲ.
ನೂರಾ ಹತ್ತು ಮನೆ ಬಲ್ಲವಳಿಗೆ
ಇದೊಂದು ಯಾರೂ ಹೇಳಿರಲಿಲ್ಲ.
ಆ ವರ್ಷವೂ ಗೋಣಿ ಹಿಡಿದು ಕಾಡಿಗೆ ಹೋದಳು,
ಮರವನ್ನು ಮಾತ್ರ ಗದರಲಿಲ್ಲ;
ಕೈ ತುಂಬ ಬೊಕ್ಕೆಯೆದ್ದು ಹದಿನೈದು ದಿನ ಕೂತಳು.
ಆಮೇಲೆ ಬಟ್ಟೆಗಂಟು ಬಿಚ್ಚುವಾಗ
ಪ್ರತಿ ಬಾಗಿಲಲ್ಲೂ ಒಂದು ಮಾತು ಹೆಚ್ಚಾಯಿತು:
‘ಹಳೇದು ಯಾರಿಗಾದ್ರೂ ಕೊಟ್ರಾ? ಹೆಸರೇನು?’
ಜನ ನಗುತ್ತಿದ್ದರು, ಜಿಪುಣಿ ಮುದುಕಿ ಅಂತ.

ಈಗ ನನ್ನ ಇಸ್ತ್ರಿ ಅಂಗಡಿಯಲ್ಲಿ ಕಾಗದದ ನಂಬರು, ಪಿನ್ನು.
ಒಂದೇ ನೀರಿಗೆ ಕರಗುತ್ತದೆ, ಒಳ್ಳೆಯದೇ.
ಮಾಘದಲ್ಲಿ ಯಾರೋ ಒಣಗೇರಿನ ಹಣ್ಣು ತಂದುಕೊಟ್ಟರೆ
ಒಂದು ಬಾಯಿಗೆ ಹಾಕಿಕೊಳ್ಳುತ್ತೇನೆ.
ಸಿಹಿ.
ಆಮೇಲೆ ಗಂಟಲಲ್ಲಿ ಸಣ್ಣಗೆ, ಐದನೆಯ ಬಿಸಿಲು
ಪೂರಾ ಬಿದ್ದಿರಲಿಲ್ಲವೇನೋ.